ಜ್ವರಕ್ಕೂ ವಂಶಾವಳಿ ಬರೆದ ಹಳ್ಳಿ ಡಾಕ್ಟರು

(ಮನೆತನಗಳ ಇತಿಹಾಸದಲ್ಲಿ ಆಸಕ್ತಿ ಇರುವವರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಹೋಗುವ ಭಾರತೀಯರಲ್ಲಿ ಅನೇಕರು ಆರ್ನೋಸ್ ವೇಲ್ ಸ್ಮಶಾನಕ್ಕೆ ಒಮ್ಮೆ ಹೋಗಿಬರುತ್ತಾರೆ. ರಾಜಾ ರಾಮಮೋಹನ ರಾಯರ ಸಮಾಧಿ ಇರುವುದು ಅಲ್ಲಿ. ರಾಯರು 1833ರಲ್ಲಿ ಬ್ರಿಸ್ಟಲ್‌ನಲ್ಲೇ ತೀರಿಕೊಂಡರು. ಹತ್ತು ವರ್ಷದ ಮೇಲೆ ಅವರನ್ನು ಈ ಸ್ಮಶಾನಕ್ಕೆ ತಂದರು, ದ್ವಾರಕಾನಾಥ ಟ್ಯಾಗೋರರು ಮೇಲೊಂದು ಮಂಟಪ ಕಟ್ಟಿಸಿದರು. ಫೋಟೊ ತೆಗೆದುಕೊಂಡು ಜನ ವಾಪಸು ಹೊರಡುತ್ತಾರೆ. ಅದೇ ಸ್ಮಶಾನದಲ್ಲಿ ಡಾಕ್ಟರ್ ವಿಲಿಯಂ ಬಡ್ ಅವರ ಸಮಾಧಿಯೂ ಇದೆ. ಅದನ್ನು ಕೇಳುವವರು ಕಡಿಮೆ. ಆದರೆ ಟೈಫಾಯಿಡ್ ನೀರಿನಿಂದ, ರೋಗಿಯ ಮಲದಿಂದ ಹರಡುತ್ತದೆ ಅಂತ ಇವತ್ತು ನಮ್ಮ ಮನೆಯ ಮಕ್ಕಳಿಗೂ ಗೊತ್ತಿದೆಯಲ್ಲ, ಅದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಇವರು ಒಬ್ಬರು. ಅದೂ ರೋಗಾಣುವನ್ನು ಯಾರೂ ನೋಡಿರದ ಕಾಲದಲ್ಲಿ.

ಇವರ ಮನೆತನವನ್ನು ಹುಡುಕುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ಒಬ್ಬ ಹಳ್ಳಿ ಡಾಕ್ಟರ ಅಪ್ಪ ಅಮ್ಮ, ಅಣ್ಣ ತಮ್ಮಂದಿರನ್ನು ಹುಡುಕಿ ನಮಗೇನಾಗಬೇಕು ಅಂತ ನೀವು ಕೇಳಬಹುದು. ನನ್ನ ಉತ್ತರ ಇಷ್ಟು. ಈ ಮನುಷ್ಯ ಕಂಡುಹಿಡಿದದ್ದೇ ಒಂದು ವಂಶಾವಳಿಯನ್ನು. ಊರಿನ ಸಂಬಂಧಗಳು ಗೊತ್ತಿದ್ದರಿಂದಲೇ ಅವರಿಗೆ ಜ್ವರದ ದಾರಿ ಕಾಣಿಸಿತು. ಅದನ್ನು ಮೊದಲು ಹೇಳುತ್ತೇನೆ, ದಾಖಲೆಗಳ ಮಾತು ಆಮೇಲೆ.

ನಾರ್ತ್ ಟಾಟನ್ ಅನ್ನುವುದು ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್ ಪ್ರಾಂತ್ಯದ ಊರು. ಟಾ ಎಂಬ ನದಿಯ ದಡದಲ್ಲಿದೆ. ದಕ್ಷಿಣಕ್ಕೆ ಡಾರ್ಟ್‌ಮೂರ್ ಬೋಳುಗುಡ್ಡಗಳು. ಉಣ್ಣೆ, ಬೇಸಾಯ, ಕುರಿ ದನ, ಇದೇ ಬದುಕು. ಆ ಕಾಲಕ್ಕೆ ಊರೊಳಗೆ ಸಾವಿರದ ನೂರೋ ಇನ್ನೂರೋ ಜನ. ಊರಿನ ಸರ್ಜನ್ ಸ್ಯಾಮ್ಯುಯೆಲ್ ಬಡ್. ಅವರ ಮಗ ವಿಲಿಯಂ ಹುಟ್ಟಿದ್ದು 1811ರ ಸೆಪ್ಟೆಂಬರ್ 14ರಂದು. ವಿಲಿಯಂ ಕೆಲವು ವರ್ಷ ಪ್ಯಾರಿಸ್‌ನಲ್ಲಿ ಓದಿದರು, 1838ರಲ್ಲಿ ಎಡಿನ್‌ಬರೋದಲ್ಲಿ ಎಂ.ಡಿ. ಪಡೆದರು. ಲಂಡನ್ ಹತ್ತಿರ ಗ್ರೀನಿಚ್‌ನಲ್ಲಿ ಡ್ರೆಡ್‌ನಾಟ್ ಎಂಬ ಹಳೆಯ ಯುದ್ಧನೌಕೆಯನ್ನೇ ನಾವಿಕರ ಆಸ್ಪತ್ರೆ ಮಾಡಿದ್ದರು. ಅಲ್ಲಿ ಸ್ವಲ್ಪ ದಿನ ಕೆಲಸ ಮಾಡಿ, ಕಾಯಿಲೆ ಬಿದ್ದು, ಊರಿಗೆ ಮರಳಿದರು.

1839ರ ಜುಲೈ 11. ಊರಿನ ಒಂದು ಬಡ, ಇಕ್ಕಟ್ಟಾದ ಮನೆಯಲ್ಲಿ ಮೊದಲ ಟೈಫಾಯಿಡ್ ರೋಗಿ ಮಲಗಿದರು. ನವೆಂಬರ್ ಬರುವಷ್ಟರಲ್ಲಿ ಜ್ವರ ಬಂದವರು 80ಕ್ಕೂ ಜಾಸ್ತಿ. ಅವರನ್ನೆಲ್ಲ ನೋಡಿದವರು 27 ವರ್ಷದ ವಿಲಿಯಂ.

ಆಗಿನ ದೊಡ್ಡ ಡಾಕ್ಟರುಗಳ ನಂಬಿಕೆ ಬೇರೆ ಇತ್ತು. ಕೊಳೆತದ್ದರಿಂದ ಕೆಟ್ಟ ಗಾಳಿ ಏಳುತ್ತದೆ, ಆ ಗಾಳಿಯಿಂದ ಜ್ವರ ತಾನಾಗಿ ಹುಟ್ಟುತ್ತದೆ ಅಂತ. ವಿಲಿಯಂ ಸುತ್ತ ನೋಡಿದರು. ಮನೆ ಹಿಂದೆ ತಿಪ್ಪೆ, ಹಂದಿಗೂಡು, ತೆರೆದ ಕಕ್ಕಸು. ನಾತಕ್ಕೆ ಕೊರತೆಯೇ ಇರಲಿಲ್ಲ. ಆದರೆ ಈ ನಾತ ನಿನ್ನೆ ಮೊನ್ನೆಯದಲ್ಲ. ವರ್ಷಗಟ್ಟಲೆ ಅಲ್ಲೇ ಇತ್ತು, ಇಂಥ ಜ್ವರ ಮಾತ್ರ ಬಂದಿರಲಿಲ್ಲ. ಹಾಗಾದರೆ ಹೊಸದಾಗಿ ಬಂದದ್ದೇನು? ಒಬ್ಬ ರೋಗಿ. ಆ ರೋಗಿಯಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು.

ಆಮೇಲೆ ನಡೆದದ್ದು ಇನ್ನೂ ಸ್ಪಷ್ಟ. ಜ್ವರ ಹತ್ತಿದ್ದ ಮೂವರು ಊರು ಬಿಟ್ಟು ಹೋದರು. ಅವರಲ್ಲಿ ಇಬ್ಬರು ಮರ ಕೊಯ್ಯುವ ಕೂಲಿಯವರು, ಮಾರ್ಚರ್ಡ್ ಎಂಬ ಊರಿನ ಕಡೆಯವರು. ಮೂವರೂ ತಾವು ಹೋದ ಕಡೆ ಆರೈಕೆ ಮಾಡಿದವರಿಗೆ, ಜೊತೆಗಿದ್ದವರಿಗೆ ಜ್ವರ ಕೊಟ್ಟರು. ಗಾಳಿಯೇ ಕಾರಣವಾಗಿದ್ದರೆ ಅದು ಈ ಮೂವರ ಬೆನ್ನು ಹಿಡಿದೇ ಯಾಕೆ ಹೋಗಬೇಕು, ಅಲ್ವಾ?

ಇಲ್ಲಿ ವಿಲಿಯಂ ಒಂದು ಮಾತು ಬರೆದಿದ್ದಾರೆ, ನನಗೆ ಬಹಳ ಮುಖ್ಯ ಅನ್ನಿಸಿದ್ದು. ನಾನು ಹುಟ್ಟಿ ಬೆಳೆದದ್ದು ಈ ಊರಿನಲ್ಲೇ, ಊರಿನ ಪ್ರತಿಯೊಬ್ಬರೂ ನನಗೆ ಗೊತ್ತು, ಕಾಯಿಲೆ ಬಿದ್ದವರು ಹೆಚ್ಚುಕಡಿಮೆ ಎಲ್ಲರೂ ನನ್ನ ಕೈಗೇ ಬಂದರು ಅನ್ನುವುದು ಅದರ ಸಾರಾಂಶ. ಲಂಡನ್ನಿನ ಆಸ್ಪತ್ರೆಯಲ್ಲಿ ಕೂತ ಪ್ರೊಫೆಸರರಿಗೆ ಈ ಅನುಕೂಲ ಇರಲಿಲ್ಲ. ಅವರ ಮುಂದೆ ಬರುತ್ತಿದ್ದದ್ದು ಒಂದು ಹಾಸಿಗೆ, ಒಂದು ನಂಬರು. ಆ ರೋಗಿ ಯಾರ ಮಗಳು, ವಾರದ ಹಿಂದೆ ಯಾರ ಮನೆಗೆ ಬಾಣಂತನಕ್ಕೆ ಹೋಗಿದ್ದಳು, ಯಾರ ಬಟ್ಟೆ ಒಗೆದಳು ಅನ್ನುವುದು ಹಾಸಿಗೆಯ ಮೇಲೆ ಬರೆದಿರುವುದಿಲ್ಲ. ಹಳ್ಳಿ ಡಾಕ್ಟರಿಗೆ ಅದು ಕೇಳದೆಯೇ ಗೊತ್ತಿರುತ್ತದೆ.

ಮುಂದೆ 1840ರ ದಶಕದ ಮೊದಲಿಗೇ ಅವರು ಬ್ರಿಸ್ಟಲ್ ಸೇರಿದರು. ಅಲ್ಲಿಯೂ ಅದೇ ಕಣ್ಣು. 1847ರಲ್ಲಿ ಕ್ಲಿಫ್ಟನ್‌ನ ರಿಚ್ಮಂಡ್ ಟೆರೇಸ್ ಎಂಬ ಬೀದಿಯಲ್ಲಿ ಜ್ವರ ಬಂತು. ಒಟ್ಟು 34 ಮನೆ. ಅದರಲ್ಲಿ 13 ಮನೆಯವರು ಒಂದೇ ಬಾವಿಯ ನೀರು ಕುಡಿಯುತ್ತಿದ್ದರು. ಜ್ವರ ಬಂದದ್ದು ಆ ಮನೆಗಳಿಗೆ. 1849ರ ಕಾಲರಾದಲ್ಲಿ ಬ್ರಿಸ್ಟಲ್‌ನಲ್ಲಿ ಸುಮಾರು 2,000 ಜನ ಸತ್ತರು. 1866ರಲ್ಲಿ ಕಾಲರಾ ಮತ್ತೆ ಬಂದಾಗ ವಿಲಿಯಂ ಹೇಳಿದ ಕ್ರಮಗಳನ್ನು ಊರು ಪಾಲಿಸಿತು. ರೋಗಿಯ ಮಲಕ್ಕೆ, ಬಟ್ಟೆಗೆ ಔಷಧ ಹಾಕಿ ವಿಷ ಕೊಲ್ಲುವುದು, ಕೆಟ್ಟ ಬಾವಿ ಮುಚ್ಚುವುದು, ಇಷ್ಟೇ. ಆ ವರ್ಷ ಸತ್ತವರು 29.

ಅವರ ವಾದವನ್ನು ಎಲ್ಲರೂ ಒಪ್ಪಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾಗಿತ್ತು. ಕೆಟ್ಟ ಗಾಳಿಯಿಂದಲೇ ಜ್ವರ ಅನ್ನುವವರ ಲೆಕ್ಕದಲ್ಲಿ ಆ ವರ್ಷ ಜನ ಸಾಲುಸಾಲಾಗಿ ಸಾಯಬೇಕಿತ್ತು. ಜ್ವರ ಹೆಚ್ಚಲೇ ಇಲ್ಲ. ವಿಲಿಯಂ ಇದನ್ನು ಎತ್ತಿ ತೋರಿಸಿದರು. ಅವರ ಟೈಫಾಯಿಡ್ ಪುಸ್ತಕ ಹೊರಬಂದದ್ದು 1873ರಲ್ಲಿ. 1880ರ ಜನವರಿ 9ರಂದು ತೀರಿಕೊಂಡರು. ಟೈಫಾಯಿಡ್ ರೋಗಾಣುವನ್ನು ಜರ್ಮನಿಯ ಎಬರ್ತ್ ಗುರುತಿಸಿದ್ದೂ ಅದೇ 1880ರಲ್ಲಿ.

ಸರಿ, ಈಗ ಮನೆತನಕ್ಕೆ ಬರೋಣ.

ಇಂಗ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವನ್ನು ಸರ್ಕಾರ ದಾಖಲಿಸಲು ಶುರುಮಾಡಿದ್ದು 1837ರ ಜುಲೈ 1ರಿಂದ. ಅದಕ್ಕೆ ಹಿಂದಿನದ್ದು ಬೇಕಾದರೆ ಚರ್ಚಿನ ರಿಜಿಸ್ಟರೇ ಗತಿ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿನಲ್ಲೂ ಪುಸ್ತಕ ಇಡಬೇಕೆಂದು ಅಪ್ಪಣೆ ಮಾಡಿದ. ಪುಸ್ತಕ ಇಟ್ಟರು, ಆದರೆ ಏನು ಬರೆಯಬೇಕು ಅನ್ನುವುದು ಪಾದ್ರಿಯ ಇಷ್ಟ. ಕೆಲವರು ಎರಡು ಸಾಲು ಬರೆದರು, ಕೆಲವರು ಮಗುವಿನ ಹೆಸರು ಅಪ್ಪನ ಹೆಸರು ಬರೆದು ಕೈತೊಳೆದುಕೊಂಡರು. 1813ರಿಂದ ಅಚ್ಚಾದ ನಮೂನೆ ಬಂತು. ದೀಕ್ಷಾಸ್ನಾನದ ದಾಖಲೆಯಲ್ಲಿ ಅಪ್ಪನ ಉದ್ಯೋಗಕ್ಕೂ ಒಂದು ಕಲಂ ಬಂತು.

ವಿಲಿಯಂ ಹುಟ್ಟಿದ್ದು 1811. ಅಂದರೆ ಉದ್ಯೋಗದ ಕಲಂ ಇಲ್ಲದ ಕಾಲ. ಅಪ್ಪ ಸರ್ಜನ್ ಅಂತ ಚರ್ಚಿನ ಪುಸ್ತಕದಿಂದಲೇ ಸಾಬೀತಾಗಬೇಕಾದರೆ 1813ರ ನಂತರ ಹುಟ್ಟಿದ ತಮ್ಮಂದಿರ ದಾಖಲೆ ತೆರೆಯಬೇಕು. ಮನೆತನ ಹುಡುಕುವವರಲ್ಲಿ ಎಷ್ಟೋ ಜನ ತಮಗೆ ಬೇಕಾದವರ ಹೆಸರೊಂದನ್ನೇ ಹಿಡಿದು ನೇರ ಮೇಲಕ್ಕೆ ಹೋಗುತ್ತಾರೆ. ಮಗ, ಅಪ್ಪ, ತಾತ, ಮುತ್ತಾತ. ಪಕ್ಕಕ್ಕೆ ತಿರುಗುವುದೇ ಇಲ್ಲ. ಬಡ್ ಮನೆಯಲ್ಲಿ ಹಾಗೆ ಮಾಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ, ಯಾಕೆಂದರೆ ಸ್ಯಾಮ್ಯುಯೆಲ್ ಬಡ್ ಅವರಿಗೆ ಒಂಬತ್ತು ಜನ ಗಂಡುಮಕ್ಕಳು. ಅವರಲ್ಲಿ ಡಾಕ್ಟರಾದವರು ಆರಕ್ಕೆ ಕಡಿಮೆ ಇಲ್ಲ.

ಆ ಅಚ್ಚಾದ ನಮೂನೆಯಲ್ಲೂ ಒಂದು ದೊಡ್ಡ ಕೊರತೆ ಇದೆ. ತಾಯಿಯ ಹೆಸರು ಇರುತ್ತದೆ, ಅವಳ ತವರಿನ ಮನೆತನದ ಹೆಸರು ಇರುವುದಿಲ್ಲ. ವಿಲಿಯಂ ಅವರ ತಾಯಿ ಕ್ಯಾಥರೀನ್, ಅಷ್ಟೇ. ಯಾವ ಮನೆಯ ಹೆಣ್ಣು? ಸುಳಿವು ಸಿಗುವುದು ಮತ್ತೆ ಒಬ್ಬ ಮಗನ ಹೆಸರಿನಲ್ಲಿ. ಪ್ಲಿಮತ್‌ನಲ್ಲಿ ಡಾಕ್ಟರಾಗಿದ್ದ ಮಗನ ಪೂರ್ತಿ ಹೆಸರು ಜಾನ್ ರೆಫೋರ್ಡ್ ಬಡ್. ರೆಫೋರ್ಡ್ ಅನ್ನುವುದು ಡೆವನ್ನಿನ ಒಂದು ಮನೆತನ, ತಾಯಿಯ ತವರು ಅದೇ. ಆ ಕಾಲದ ಇಂಗ್ಲಿಷರಲ್ಲಿ ಮಕ್ಕಳ ನಡುವಿನ ಹೆಸರಾಗಿ ತಾಯಿಯ ಅಥವಾ ಅಜ್ಜಿಯ ತವರಿನ ಹೆಸರು ಇಡುವುದು ಬಹಳ ಇತ್ತು. ಆಸ್ತಿ ಇದ್ದ ಸಂಬಂಧ ಆದರೆ ಇನ್ನೂ ಜಾಸ್ತಿ. ವಿಚಿತ್ರವಾದ ನಡುಹೆಸರು ಕಂಡರೆ ಅದನ್ನು ಬಿಡಬೇಡಿ. ಮದುವೆಯ ರಿಜಿಸ್ಟರಿನಲ್ಲಿ ಅದೇ ಹೆಸರಿನ ಹೆಣ್ಣುಮಗಳನ್ನು ಹುಡುಕಿ.

ಇನ್ನು ಅಪ್ಪ ಸ್ಯಾಮ್ಯುಯೆಲ್. ಇವರನ್ನು ‘ಡಾಕ್ಟರ್ ಬಡ್’ ಅಂತ ಹುಡುಕಿದರೆ ಸಿಗುವುದು ಅನುಮಾನ. ಆಗ ಡಾಕ್ಟರ್ ಅಂತ ಕರೆಸಿಕೊಳ್ಳುತ್ತಿದ್ದವರು ಯೂನಿವರ್ಸಿಟಿಯ ಎಂ.ಡಿ. ಪಡೆದ ಫಿಜಿಷಿಯನ್ನರು. ಹಳ್ಳಿಯಲ್ಲಿ ಮೂಳೆ ಕಟ್ಟಿ, ರಕ್ತ ತೆಗೆದು, ಹೆರಿಗೆ ಮಾಡಿಸಿ, ತಾವೇ ಔಷಧ ಅರೆದು ಕೊಡುತ್ತಿದ್ದವರು ಬರೀ ಮಿಸ್ಟರ್. ದಾಖಲೆಗಳಲ್ಲಿ ಅವರು ಸರ್ಜನ್, ಇಲ್ಲವೇ ಸರ್ಜನ್ ಮತ್ತು ಅಪಾಥಿಕರಿ, ಅಂದರೆ ಔಷಧ ಮಾಡಿ ಕೊಡುವವರು. ಕಲಿತದ್ದೂ ಕಾಲೇಜಿಗಿಂತ ಜಾಸ್ತಿ ಇನ್ನೊಬ್ಬರ ಮನೆಯಲ್ಲಿ ಅಪ್ರೆಂಟಿಸ್ ಆಗಿ. ಹುಡುಗನ ಅಪ್ಪ ಗುರುವಿಗೆ ಒಂದು ಮೊತ್ತ ಕೊಡಬೇಕಿತ್ತು. ಅದರ ಮೇಲೆ ಸರ್ಕಾರ 1710ರಿಂದ ತೆರಿಗೆ ಹಾಕಿತ್ತು. ತೆರಿಗೆ ಪುಸ್ತಕಗಳು 1811ರವರೆಗಿನವು ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಜನರಿಗೆ ಶಾಪವಾಗಿದ್ದ ತೆರಿಗೆ ನಮ್ಮಂಥವರಿಗೆ ವರ. ಆದರೆ ಮಗ ಅಪ್ಪನ ಹತ್ತಿರವೇ ಕಲಿತರೆ ದುಡ್ಡು ಕೈ ಬದಲಾಗುವುದಿಲ್ಲ, ತೆರಿಗೆಯೂ ಇಲ್ಲ, ದಾಖಲೆಯೂ ಇಲ್ಲ. ಡಾಕ್ಟರ ಮಕ್ಕಳು ಈ ಪುಸ್ತಕಗಳಲ್ಲಿ ಕಾಣದೆ ಹೋಗಲು ಇದೊಂದು ಕಾರಣ.

1815ರಲ್ಲಿ ಅಪಾಥಿಕರಿಗಳ ಕಾಯಿದೆ ಬಂತು. ಐದು ವರ್ಷ ಅಪ್ರೆಂಟಿಸ್, ಆಮೇಲೆ ಲಂಡನ್ನಿನ ಅಪಾಥಿಕರಿಗಳ ಸಂಘದ ಪರೀಕ್ಷೆ. ಪರೀಕ್ಷೆಗೆ ಕೂರುವವರು ತಮಗೆ 21 ತುಂಬಿದೆ ಅಂತ ತೋರಿಸಬೇಕಿತ್ತು. ಹಾಗಾಗಿ ಸಂಘದ ಪುಸ್ತಕದಲ್ಲಿ ಹುಡುಗನ ವಯಸ್ಸಿನ ಪುರಾವೆ, ಗುರುವಿನ ಹೆಸರು, ಕೇಳಿದ ಪಾಠಗಳು ಎಲ್ಲ ಒಂದೇ ಕಡೆ ಸಿಗುತ್ತವೆ. ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ, ಒಂದು ಹಾಳೆಯಲ್ಲಿ ಅರ್ಧ ಜಾತಕ. ಈ ಪುಸ್ತಕಗಳು ಲಂಡನ್ನಿನ ಗಿಲ್ಡ್‌ಹಾಲ್ ಗ್ರಂಥಾಲಯದಲ್ಲಿವೆ. ಸ್ಯಾಮ್ಯುಯೆಲ್ ಅವರಂಥ ಹಳಬರಿಗೆ ಈ ಪರೀಕ್ಷೆ ಬೇಕಿರಲಿಲ್ಲ. 1815ರ ಆಗಸ್ಟ್‌ಗೆ ಮೊದಲೇ ವೃತ್ತಿಯಲ್ಲಿದ್ದವರಿಗೆ ವಿನಾಯಿತಿ ಇತ್ತು. ಅಲ್ಲಿ ಹೆಸರಿಲ್ಲ ಅಂದರೆ ಕಳ್ಳ ಡಾಕ್ಟರು ಅಂತ ತೀರ್ಮಾನಿಸಬಾರದು. ಎಷ್ಟೋ ಮನೆತನದ ಪುಸ್ತಕಗಳಲ್ಲಿ ಈ ಅನ್ಯಾಯ ಆಗಿದೆ.

ಜನಗಣತಿಯ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಮನೆಮನೆಯ ಹೆಸರು ಸಿಗುವುದು 1841ರ ಜೂನ್ 6ರ ಗಣತಿಯಿಂದ. ಅದು ಅರೆಬೆಂದ ಗಣತಿ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಅಂತ ಸೂಚನೆ. 29 ವರ್ಷದವರು 25 ಆಗುತ್ತಾರೆ. ಯಾರು ಯಾರಿಗೆ ಏನಾಗಬೇಕು ಅನ್ನುವುದೂ ಇಲ್ಲ. ಒಂದೇ ಮನೆಯಲ್ಲಿ ಮೂವರು ಬಡ್ ಇದ್ದರೆ ಅಣ್ಣತಮ್ಮಂದಿರೋ ಚಿಕ್ಕಪ್ಪ ಮಗನೋ ಹೇಳಲಾಗದು. 1851ರ ಮಾರ್ಚ್ 30ರ ಗಣತಿಯಲ್ಲಿ ಸಂಬಂಧವೂ ಬಂತು, ಹುಟ್ಟಿದ ಊರಿನ ಹೆಸರೂ ಬಂತು. ಹಾಗಾಗಿ 1851ರಿಂದ ಹಿಂದಕ್ಕೆ ನಡೆಯುವುದು ಸುಲಭ.

ಡಾಕ್ಟರ ಮನೆಯ ಗಣತಿ ಹಾಳೆಯಲ್ಲಿ ಇನ್ನೊಂದು ಲಾಭ ಇದೆ. ಅದೇ ಸೂರಿನಡಿ ಅಪ್ರೆಂಟಿಸ್ ಹುಡುಗ, ಕುದುರೆ ನೋಡಿಕೊಳ್ಳುವವನು, ಅಡುಗೆಯವಳು ಎಲ್ಲರ ಹೆಸರೂ ಇರುತ್ತದೆ. ಕುದುರೆಯವನು ಇದ್ದ ಅಂದರೆ ಡಾಕ್ಟರು ದೂರದ ಹೊಲಮನೆಗಳಿಗೂ ಹೋಗುತ್ತಿದ್ದರು. ಅಪ್ರೆಂಟಿಸ್ ಹುಡುಗನ ಊರಿನ ಹೆಸರು ನೋಡಿದರೆ ಡಾಕ್ಟರ ಹೆಸರು ಎಲ್ಲಿಯವರೆಗೆ ಹೋಗಿತ್ತು ಅಂತ ಅಂದಾಜಾಗುತ್ತದೆ. ಎಷ್ಟೋ ಸಲ ಆ ಹುಡುಗ ಡಾಕ್ಟರ ಹೆಂಡತಿಯ ತವರಿನವನೇ ಆಗಿರುತ್ತಾನೆ.

ಡಾಕ್ಟರುಗಳ ಹೆಸರಿನ ಡೈರೆಕ್ಟರಿ 1845ರಿಂದ ಬರಲು ಶುರುವಾಯಿತು. 1858ರ ವೈದ್ಯಕೀಯ ಕಾಯಿದೆಯ ನಂತರ 1859ರಲ್ಲಿ ಸರ್ಕಾರಿ ರಿಜಿಸ್ಟರ್ ಬಂತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ರಿಜಿಸ್ಟರ್ ಒಣ ಒಣ, ಹೆಸರು, ವಿಳಾಸ, ಪದವಿ ಅಷ್ಟೇ. ಡೈರೆಕ್ಟರಿಗೆ ಡಾಕ್ಟರುಗಳೇ ತಮ್ಮ ವಿವರ ತುಂಬಿ ಕಳಿಸುತ್ತಿದ್ದರು. ಸ್ವಲ್ಪ ಜಂಬವೂ ಸೇರಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಆದರೆ ಬರೆದ ಲೇಖನಗಳು, ಹಿಂದೆ ಇದ್ದ ಆಸ್ಪತ್ರೆ, ಬಡವರ ಕಾಯಿದೆಯಡಿ ನೋಡಿಕೊಳ್ಳುತ್ತಿದ್ದ ಹಳ್ಳಿಗಳು ಸಿಗುವುದು ಅಲ್ಲೇ. 1834ರ ಆ ಕಾಯಿದೆಯಿಂದ ಹಳ್ಳಿಗಳನ್ನು ಗುಂಪು ಮಾಡಿ, ಬಡವರನ್ನು ನೋಡಲು ಸಂಬಳದ ಡಾಕ್ಟರನ್ನು ಇಡುವ ಪದ್ಧತಿ ಬಂತು. ಸಂಬಳ ಕಡಿಮೆ, ಔಷಧದ ಖರ್ಚು ಅನೇಕ ಕಡೆ ಡಾಕ್ಟರದ್ದೇ. ಆ ಗುಂಪುಗಳನ್ನು ನೋಡಿಕೊಳ್ಳುತ್ತಿದ್ದ ಸಮಿತಿಗಳ ನಡಾವಳಿ ಪುಸ್ತಕಗಳಲ್ಲಿ ಡಾಕ್ಟರಿಗೂ ಸಮಿತಿಗೂ ನಡೆದ ಜಗಳಗಳು ಯಥೇಚ್ಛ. ಜಗಳ ಇದ್ದಲ್ಲಿ ವಿವರ ಇರುತ್ತದೆ. ಶಾಂತವಾಗಿ ಬದುಕಿದವರ ಇತಿಹಾಸ ಬರೆಯುವುದೇ ಕಷ್ಟ.

ಈ ಎಲ್ಲ ದಾಖಲೆ ಸೇರಿಸಿದಾಗ ಬಡ್ ಸೋದರರ ನಕ್ಷೆ ಮೂಡುತ್ತದೆ. ಸ್ಯಾಮ್ಯುಯೆಲ್, ಅಪ್ಪನದೇ ಹೆಸರು, ಎಕ್ಸಿಟರ್‌ನಲ್ಲಿ. ರಿಚರ್ಡ್ ಉತ್ತರದ ಬಾರ್ನ್‌ಸ್ಟಪಲ್‌ನಲ್ಲಿ. ಜಾನ್ ರೆಫೋರ್ಡ್ ದಕ್ಷಿಣದ ಬಂದರು ಪ್ಲಿಮತ್‌ನಲ್ಲಿ. ಕ್ರಿಶ್ಚಿಯನ್ ಅನ್ನುವ ಮಗ ನಾರ್ತ್ ಟಾಟನ್ನಿನಲ್ಲೇ ಉಳಿದು ಅಪ್ಪನ ವೃತ್ತಿ ಮುಂದುವರಿಸಿದರು. ವಿಲಿಯಂ ಬ್ರಿಸ್ಟಲ್‌ಗೆ. ಜಾರ್ಜ್ ಲಂಡನ್‌ಗೆ. ಡೆವನ್ ಪ್ರಾಂತ್ಯದ ಯಾವ ದಿಕ್ಕಿಗೆ ಹೋದರೂ ಒಬ್ಬ ಡಾಕ್ಟರ್ ಬಡ್! ಒಂದೇ ತಲೆಮಾರಿನಲ್ಲಿ ಮನೆ ‘ಮಿಸ್ಟರ್’ನಿಂದ ‘ಡಾಕ್ಟರ್’ಗೆ ಏರಿತು. ಹಳ್ಳಿಯ ಸರ್ಜನ್ನೊಬ್ಬರು ಮಕ್ಕಳನ್ನು ಕೇಂಬ್ರಿಜ್, ಎಡಿನ್‌ಬರೋ, ಪ್ಯಾರಿಸ್ ಅಂತ ಕಳಿಸಲು ಹಣ ಹೇಗೆ ಹೊಂದಿಸಿದರು ಅನ್ನುವ ಪ್ರಶ್ನೆಗೆ ತಾಯಿಯ ತವರಿನ ಕಡೆಯೂ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮನೆತನದ ಇತಿಹಾಸ ಬರೆಯುವವರು ದುಡ್ಡಿನ ದಾರಿಯನ್ನು ಗಂಡಸರ ಕಡೆಯಿಂದ ಮಾತ್ರ ಹುಡುಕುತ್ತಾರೆ. 1836ರ ಕಾಯಿದೆಯಂತೆ ಚರ್ಚಿನ ದಶಾಂಶ ತೆರಿಗೆಯನ್ನು ಹಣಕ್ಕೆ ಬದಲಾಯಿಸಲು ಊರೂರಿಗೆ ನಕ್ಷೆ ಮಾಡಿದರು. ಹೊಲಕ್ಕೊಂದು ನಂಬರು, ಒಡೆಯ ಯಾರು, ಉಳುವವರು ಯಾರು ಅಂತ ಪಟ್ಟಿ. ರೆಫೋರ್ಡ್ ಹೆಸರಿನ ಹೊಲಗಳನ್ನು ಅಲ್ಲಿ ಹುಡುಕಬಹುದು.

ಈ ಜಾರ್ಜ್ ಬಡ್ ಬಗ್ಗೆ ಸ್ವಲ್ಪ ನಿಲ್ಲೋಣ. 1808ರಲ್ಲಿ ಹುಟ್ಟಿದವರು, ವಿಲಿಯಂಗೆ ಅಣ್ಣ. ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಮೂರನೇ ಸ್ಥಾನ. ರಾಯಲ್ ಸೊಸೈಟಿಯ ಸದಸ್ಯರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ವೈದ್ಯಕೀಯ ಪ್ರೊಫೆಸರು. 1845ರಲ್ಲಿ ಪಿತ್ತಜನಕಾಂಗದ ಕಾಯಿಲೆಗಳ ಮೇಲೆ ಪುಸ್ತಕ ಬರೆದರು. ಇಲ್ಲಿ ಡಾಕ್ಟರುಗಳಿದ್ದರೆ ಬಡ್-ಚಿಯಾರಿ ಕಾಯಿಲೆ ನೆನಪಾಗಿರುತ್ತದೆ. ಆ ಬಡ್ ಇವರೇ. ಡ್ರೆಡ್‌ನಾಟ್ ಹಡಗು ಆಸ್ಪತ್ರೆಯಲ್ಲಿ ಇವರೂ ಫಿಜಿಷಿಯನ್ ಆಗಿದ್ದರು, 1837ರಿಂದ. ವಿಲಿಯಂ ಅದೇ ಹಡಗಿಗೆ ಹೋದದ್ದು ಸುಮ್ನೆ ಅಲ್ಲ ಅಂತ ಈಗ ಗೊತ್ತಾಗುತ್ತದೆ. ವಿಲಿಯಂ ಅವರೊಬ್ಬರ ಕಾಗದಪತ್ರ ನೋಡಿದವರಿಗೆ ಇದು ಕಾಣುವುದಿಲ್ಲ.

ಈಗ ಎಚ್ಚರಿಕೆಯ ಮಾತು. ಡಾಕ್ಟರ್ ಜಾರ್ಜ್ ಬಡ್ ಅಂತ ಹುಡುಕಿದರೆ ಇನ್ನೊಬ್ಬರು ಸಿಗುತ್ತಾರೆ. ಜಾರ್ಜ್ ಟರ್ನವೈನ್ ಬಡ್. ಇವರು ವಿಲಿಯಂ ಅವರ ಮಗ, ಪ್ರೊಫೆಸರ್ ಜಾರ್ಜ್ ಅವರಿಗೆ ತಮ್ಮನ ಮಗ. ಇಬ್ಬರೂ ಡಾಕ್ಟರು, ಒಂದೇ ಮನೆ, ಒಂದೇ ಹೆಸರು. ನಡುಹೆಸರು ಬಿಟ್ಟುಬಿಟ್ಟರೆ ದೊಡ್ಡಪ್ಪ ಮತ್ತು ಮಗ ಒಂದಾಗಿಬಿಡುತ್ತಾರೆ. ಹೆಸರು ಒಂದೇ ಇದ್ದೂ ಸಂಬಂಧ ಬೇರೆ ಇರುವ ಗೊಂದಲವೂ ಇದೆ. ಟೈಫಾಯಿಡ್ ಮತ್ತು ಟೈಫಸ್ ಬೇರೆ ಬೇರೆ ಜ್ವರ ಅಂತ ಲಂಡನ್ನಿನಲ್ಲಿ ತೋರಿಸಿದವರು ವಿಲಿಯಂ ಜೆನ್ನರ್. ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಬೇರೆಯವರು.

ಟರ್ನವೈನ್ ಬಡ್ ಸ್ವತಃ ಒಂದು ಕಥೆ. ಎಡಿನ್‌ಬರೋದಲ್ಲಿ ಓದುವಾಗ ಇವರ ಗೆಳೆಯ ಆರ್ಥರ್ ಕಾನನ್ ಡಾಯ್ಲ್, ಮುಂದೆ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದವರು. 1882ರಲ್ಲಿ ಪ್ಲಿಮತ್‌ನಲ್ಲಿ ಇಬ್ಬರೂ ಒಟ್ಟಿಗೆ ದವಾಖಾನೆ ನಡೆಸಿದರು. ಜೊತೆ ಬಹಳ ದಿನ ಬಾಳಲಿಲ್ಲ. ಡಾಯ್ಲ್ ಅದೇ ವರ್ಷ ಸೌತ್‌ಸೀಗೆ ಹೋಗಿ ಒಬ್ಬರೇ ಬೋರ್ಡು ಹಾಕಿದರು. ಆಮೇಲೆ ಈ ಗೆಳೆಯನನ್ನು ಪಾತ್ರ ಮಾಡಿ ಕಾದಂಬರಿಯನ್ನೂ ಬರೆದರು. ತೊಂದರೆ ಏನೆಂದರೆ, ಕಾದಂಬರಿಯ ಸಂಗತಿಗಳನ್ನೇ ದಾಖಲೆ ಅಂತ ತೆಗೆದುಕೊಳ್ಳುವವರಿದ್ದಾರೆ. ಮಸಾಲೆ ಹಾಕುವುದು ಕಥೆಗಾರನ ಕೆಲಸ. ಅದನ್ನು ವಂಶಾವಳಿಗೆ ಸೇರಿಸಬಾರದು.

ಉಯಿಲುಗಳ ವಿಷಯ ಡೆವನ್ ಪ್ರಾಂತ್ಯದಲ್ಲಿ ನೋವಿನದು. 1858ರ ಜನವರಿಯವರೆಗೆ ಉಯಿಲು ಊರ್ಜಿತ ಮಾಡುತ್ತಿದ್ದದ್ದು ಚರ್ಚಿನ ಕೋರ್ಟುಗಳು. ಡೆವನ್ನಿನ ಹಳೆಯ ಉಯಿಲುಗಳಲ್ಲಿ ಹೆಚ್ಚಿನವು ಎಕ್ಸಿಟರ್‌ನಲ್ಲಿ ಒಂದೇ ಕಡೆ ಇದ್ದವು. 1942ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು ಎಕ್ಸಿಟರ್ ಮೇಲೆ ಬಾಂಬು ಹಾಕಿದವು. ಉಯಿಲುಗಳು ಸುಟ್ಟು ಬೂದಿಯಾದವು. ಶತಮಾನಗಳ ಅಣ್ಣತಮ್ಮ, ಅಕ್ಕತಂಗಿ, ಅಳಿಯಂದಿರ ಹೆಸರುಗಳು ಒಂದೇ ರಾತ್ರಿಗೆ ಹೋದವು. ಈಗ ಉಳಿದಿರುವ ದಾರಿ ಮತ್ತೆ ತೆರಿಗೆಯವರದ್ದೇ. 1796ರಿಂದ ಸತ್ತವರ ಆಸ್ತಿಯ ಮೇಲೆ ಸುಂಕ ಇತ್ತು, ಅದರ ರಿಜಿಸ್ಟರುಗಳು ಕ್ಯೂನಲ್ಲಿವೆ. 1812ರಿಂದ 1857ರವರೆಗಿನ ಉಯಿಲುಗಳ ನಕಲನ್ನು ತೆರಿಗೆ ಇಲಾಖೆ ಇಟ್ಟುಕೊಂಡಿತ್ತು. ಬೇರೆ ಹೆಚ್ಚಿನ ಪ್ರಾಂತ್ಯಗಳ ನಕಲುಗಳನ್ನು ನಾಶ ಮಾಡಿದರೂ ಡೆವನ್ನಿನವು ಉಳಿದವು, ಮೂಲ ಸುಟ್ಟುಹೋಗಿದೆ ಅಂತ. 1858ರ ನಂತರದ್ದು ಸುಲಭ. ಇಡೀ ದೇಶಕ್ಕೆ ವರ್ಷಕ್ಕೊಂದು ಅಕಾರಾದಿ ಪಟ್ಟಿ ಇದೆ. ಸತ್ತ ದಿನ, ವಿಳಾಸ, ಆಸ್ತಿಯ ಮೊತ್ತ, ಉಯಿಲು ಜಾರಿ ಮಾಡಿದವರು ಎಲ್ಲ ಅಲ್ಲಿರುತ್ತದೆ.

ನಮ್ಮ ನಾಡಿಗೂ ಈ ಹುಡುಕಾಟ ಬಂದು ತಾಗುವುದುಂಟು. ಆ ಕಾಲದ ಹಳ್ಳಿ ಡಾಕ್ಟರ ಮನೆಗಳಿಂದ ಒಬ್ಬಿಬ್ಬರು ಭಾರತಕ್ಕೆ ಹೊರಡುವುದು ಸಾಮಾನ್ಯವಾಗಿತ್ತು. 1855ರಿಂದ ಭಾರತದ ವೈದ್ಯಕೀಯ ಸೇವೆಗೆ ಪೈಪೋಟಿ ಪರೀಕ್ಷೆ ಬಂತು. ಇಂಗ್ಲೆಂಡಿನ ಗಣತಿಯಲ್ಲಿ ಇದ್ದಕ್ಕಿದ್ದಂತೆ ಒಬ್ಬ ಮಗ ಕಾಣೆಯಾದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆ ನೋಡಬೇಕು. ಇಲ್ಲಿನ ಚರ್ಚುಗಳು ಕಳಿಸಿದ ಹುಟ್ಟು, ಮದುವೆ, ಸಾವಿನ ಪಟ್ಟಿಗಳು ಅಲ್ಲಿ ಮೂರು ಸರಣಿಯಲ್ಲಿವೆ. ಬಂಗಾಳಕ್ಕೆ ಒಂದು, ಮದ್ರಾಸಿಗೆ ಒಂದು, ಬೊಂಬಾಯಿಗೆ ಒಂದು. ಕರ್ನಾಟಕ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಬೆಂಗಳೂರು ದಂಡು, ಬಳ್ಳಾರಿ, ಮಂಗಳೂರು ಮದ್ರಾಸಿನ ಪಟ್ಟಿಯಲ್ಲಿ. ಬೆಳಗಾವಿ, ಧಾರವಾಡ ಬೊಂಬಾಯಿಯಲ್ಲಿ. ಕಾರವಾರ 1862ರವರೆಗೆ ಮದ್ರಾಸು, ಆಮೇಲೆ ಬೊಂಬಾಯಿ.

ಇನ್ನು ಸಭೆಯ ಪ್ರಶ್ನೆಗಳು. ಒಬ್ಬರು ಕೇಳಿದರು: ಈಗ ಡಿಎನ್‌ಎ ಟೆಸ್ಟ್ ಇದೆಯಲ್ಲ, ಇಷ್ಟೆಲ್ಲ ಕಾಗದ ಯಾಕೆ? ಡಿಎನ್‌ಎ ಇಬ್ಬರು ಬದುಕಿರುವವರ ನಡುವೆ ರಕ್ತಸಂಬಂಧ ಇದೆಯೋ ಇಲ್ಲವೋ, ಸುಮಾರು ಎಷ್ಟು ಹತ್ತಿರದ್ದು ಅಂತ ಹೇಳುತ್ತದೆ. ಪೂರ್ವಜರ ಹೆಸರು ಹೇಳುವುದಿಲ್ಲ, ಅವರು ಸರ್ಜನ್ ಆಗಿದ್ದರು ಅಂತಲೂ ಹೇಳುವುದಿಲ್ಲ. ಕಾಗದದ ಅನುಮಾನ ಬಗೆಹರಿಸಲು ಒಳ್ಳೆಯದು. ಕಾಗದವೇ ಇಲ್ಲದಿದ್ದರೆ ಬಗೆಹರಿಸಲು ಅನುಮಾನವೇ ಇರುವುದಿಲ್ಲ.

ಎರಡನೆಯದು ನನಗೆ ಇಷ್ಟವಾದ ಪ್ರಶ್ನೆ. ‘ನಮ್ಮ ಮುತ್ತಾತ ಊರಿನ ಪಂಡಿತರಾಗಿದ್ದರು, ನಾಡಿ ನೋಡಿ ಔಷಧ ಕೊಡುತ್ತಿದ್ದರು. ನಮಗೆ ಚರ್ಚಿನ ರಿಜಿಸ್ಟರ್ ಇಲ್ಲ. ಎಲ್ಲಿ ಹುಡುಕುವುದು?’

ನೀವು ಉತ್ತರ ಕರ್ನಾಟಕದ ಕಡೆಯವರಾದರೆ ಮೊದಲು ಹೆಳವರನ್ನು ಕೇಳಿ. ಎತ್ತಿನ ಮೇಲೆ ಊರೂರು ತಿರುಗಿ, ತಮಗೆ ಸೇರಿದ ಮನೆತನಗಳ ವಂಶಾವಳಿ ಹಾಡಿಹೇಳಿ, ಕಾಳು ಹಣ ಪಡೆಯುವವರು. ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಕಾಶಿ, ಗಯೆ, ಹರಿದ್ವಾರಗಳ ಪಂಡರ, ಅಂದರೆ ಕ್ಷೇತ್ರ ಪುರೋಹಿತರ, ವಹಿಗಳಲ್ಲೂ ಯಾತ್ರೆಗೆ ಹೋದವರ ಹೆಸರು, ಊರು, ಅಪ್ಪ ತಾತನ ಹೆಸರು ಇರುತ್ತದೆ. ವೈದ್ಯಕ್ಕೆಂದು ಮನೆಗೆ ಇನಾಂ ಭೂಮಿ ಇದ್ದಿದ್ದರೆ ಅದೃಷ್ಟ. 1850ರ ದಶಕದಲ್ಲಿ ಬೊಂಬಾಯಿ, ಮದ್ರಾಸು ಎರಡೂ ಕಡೆ ಇನಾಂ ವಿಚಾರಣೆ ನಡೆಯಿತು. ಭೂಮಿ ಉಳಿಸಿಕೊಳ್ಳಲು ಜನ ತಮ್ಮ ಹಿಂದಿನ ತಲೆಮಾರುಗಳ ವಿವರವನ್ನು ಬರೆದುಕೊಟ್ಟರು. ಮೈಸೂರು ಸೀಮೆಯವರಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಬಹುದು.

ಮನೆಯ ಅಟ್ಟದ ಮೇಲೆ ವೈದ್ಯದ ಓಲೆಗರಿ ಕಟ್ಟೋ ಕೈಬರಹದ ಪುಸ್ತಕವೋ ಇದ್ದರೆ ಕಷಾಯದ ಯೋಗಗಳನ್ನು ಆಮೇಲೆ ಓದಿ, ಮೊದಲು ಕೊನೆಯ ಗರಿ ನೋಡಿ. ಬರೆದವರ ಹೆಸರು, ಅವರ ತಂದೆಯ ಅಥವಾ ಗುರುವಿನ ಹೆಸರು, ಬರೆದು ಮುಗಿಸಿದ ದಿನ ಅಲ್ಲಿ ಇರುವ ಸಾಧ್ಯತೆ ಜಾಸ್ತಿ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅವಸರ ಬೇಡ, ಅದೇ ಹೆಸರು 60 ವರ್ಷಕ್ಕೊಮ್ಮೆ ಬರುತ್ತದೆ. ಶಕ ವರ್ಷ ಇದ್ದರೆ ಅದಕ್ಕೆ 78 ಸೇರಿಸಿ, ಇಸವಿ ಹೆಚ್ಚುಕಡಿಮೆ ಸಿಗುತ್ತದೆ. ಶಕ ಇಲ್ಲದೆ ಮಾಸ, ತಿಥಿ, ವಾರ ಇದ್ದರೂ ಸಾಕು. ಹಳೆಯ ಪಂಚಾಂಗಗಳ ಜೊತೆ ತಾಳೆ ನೋಡಿದರೆ ಯಾವ ಸುತ್ತಿನ ಸಂವತ್ಸರದಲ್ಲಿ ಆ ತಿಥಿಗೆ ಆ ವಾರ ಬಂದಿತ್ತು ಅಂತ ತಿಳಿಯುತ್ತದೆ. ಲಿಪಿ ಓದಲು ಬಾರದಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಓದಬಲ್ಲವರು ಸಿಗುತ್ತಾರೆ. ಹೋಗುವಾಗ ಫೋಟೊ ತೆಗೆದುಕೊಂಡು ಹೋಗಿ. ಗರಿಗಳಿಗೆ ಎಣ್ಣೆ ಹಚ್ಚುವ ಕೆಲಸವನ್ನು ನೀವೇ ಮಾಡಲು ಹೋಗಬೇಡಿ.